ಹಬ್ಬವಿಲ್ಲದ ಮನೆ

2023ರ ದೀಪಾವಳಿಯ ದಿನ ಬೆಳಗ್ಗೆ ನಾನು ಮಾಲೇಕಲ್ಲು ಬೆಟ್ಟದ ಮೆಟ್ಟಿಲುಗಳನ್ನು ಹತ್ತುತ್ತಿದ್ದೆ. ಭಕ್ತಿಯಿಂದ ಹೊರಟವನೆಂದು ಹೇಳಿಕೊಂಡರೆ ಅದು ಸಂಪೂರ್ಣ ಸತ್ಯವಾಗದು. ಆ ವರ್ಷದ ಆಷಾಢದಲ್ಲಿ ನನ್ನ ತಾಯಿ ತೀರಿಕೊಂಡಿದ್ದರು. ಪದ್ಧತಿಯಂತೆ ವರ್ಷ ತುಂಬುವವರೆಗೆ ನಮ್ಮ ಮನೆಗೆ ಹಬ್ಬವಿರಲಿಲ್ಲ. ಹಬ್ಬವಿಲ್ಲದ ಮನೆಯಲ್ಲಿ ಹಬ್ಬದ ದಿನ ಕುಳಿತಿರುವುದು ಎಷ್ಟು ಕಷ್ಟವೆಂಬುದನ್ನು ಅನುಭವಿಸಿದವರೇ ಬಲ್ಲರು. ಎಡಗಡೆಯ ಮನೆಯಿಂದ ಎಣ್ಣೆ ಕಾದ ವಾಸನೆ, ಬಲಗಡೆಯ ಮನೆಯಿಂದ ಮಕ್ಕಳ ಕೇಕೆ, ಬೀದಿಯ ಉದ್ದಕ್ಕೂ ಪಟಾಕಿಯ ಸದ್ದು. ನಡುವೆ ನಮ್ಮ ಬಾಗಿಲಿಗೆ ಮಾತ್ರ ತೋರಣವಿಲ್ಲ. ಹೆಂಡತಿಗೆ “ಬೆಟ್ಟದ ಕಡೆ ಹೋಗಿ ಬರುತ್ತೇನೆ” ಎಂದಷ್ಟೇ ಹೇಳಿ ಹೊರಟೆ.

ಸಾವಾದ ಮನೆಯವರು ವರ್ಷದೊಳಗೆ ಬೆಟ್ಟದ ದೇವರಿಗೆ ಹೋಗಬಾರದೆಂದು ಹಿರಿಯರು ಹೇಳುವುದುಂಟು. ಆದ್ದರಿಂದ ಮೇಲಿನ ವೆಂಕಟರಮಣಸ್ವಾಮಿಯ ಗುಡಿಯವರೆಗೆ ಹೋಗುವ ಉದ್ದೇಶ ನನಗಿರಲಿಲ್ಲ. ಸಾವಿರಕ್ಕೂ ಮಿಕ್ಕ ಮೆಟ್ಟಿಲುಗಳಲ್ಲಿ ಅರ್ಧದಷ್ಟನ್ನು ಹತ್ತಿ, ಕುಳಿತು, ಇಳಿದು ಬರೋಣವೆಂದಿದ್ದೆ. ಮೊಣಕಾಲು ಕೈಕೊಡುವವರೆಗೆ ನನ್ನ ತಾಯಿ ಆಷಾಢದ ಜಾತ್ರೆಗೆ ತಪ್ಪದೆ ಬಂದು ಈ ಮೆಟ್ಟಿಲುಗಳನ್ನು ಹತ್ತುತ್ತಿದ್ದರು. ಅಲ್ಲಿ ನಿಂತು ನೋಡಿದರೆ ಅರಸೀಕೆರೆಯ ಊರು, ಊರಿಗೆ ಹೆಸರು ಕೊಟ್ಟ ಅರಸಿಯ ಕೆರೆ, ರೈಲು ಹಾದಿ, ಕಣ್ಣು ಹರಿದಷ್ಟು ದೂರ ತೆಂಗಿನ ತೋಟ.

ಅರ್ಧ ದಾರಿಯಲ್ಲಿ, ಬಂಡೆಯೊಂದರ ನೆರಳಿನಲ್ಲಿ, ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕುಳಿತಿದ್ದ. ಪದವಿ ಮುಗಿಸಿ ಎರಡು ವರ್ಷವಾಗಿತ್ತು. ನನ್ನನ್ನು ಕಂಡು ಗಾಬರಿಯಿಂದ ಎದ್ದು ನಿಂತ.

“ಇದೇನಪ್ಪ, ಹಬ್ಬದ ದಿವಸ ಇಲ್ಲಿ?” ಎಂದೆ.

“ಮನೇಲಿ ಹಬ್ಬ ಸಾರ್. ಅದಕ್ಕೇ ಇಲ್ಲಿಗೆ ಬಂದೆ” ಎಂದ.

ಹಬ್ಬದ ಸಾಲು ಮತ್ತೆ ಬಂದಾಗಲೆಲ್ಲ ನನಗೆ ಈ ಮಾತು ನೆನಪಾಗುತ್ತದೆ. ಹಬ್ಬವಿಲ್ಲವೆಂದು ನಾನು ಮನೆಬಿಟ್ಟು ಬಂದಿದ್ದೆ. ಹಬ್ಬವಿದೆಯೆಂದು ಅವನು ಮನೆಬಿಟ್ಟು ಬಂದಿದ್ದ. ಇಬ್ಬರೂ ಕುಳಿತ ಕಲ್ಲು ಒಂದೇ.

ಅವನ ಕಥೆ ಈ ಸೀಮೆಯ ಅನೇಕ ಮನೆಗಳ ಕಥೆ. ತೆಂಗಿನಕಾಯಿಯನ್ನು ಕೆಡವಿಸಿ ಅಟ್ಟಕ್ಕೇರಿಸಿದರೆ ಅದು ಒಳಗೊಳಗೇ ಒಣಗಿ ಉಂಡೆ ಕೊಬ್ಬರಿಯಾಗಲು ಹತ್ತಿರ ಹತ್ತಿರ ಒಂದು ವರ್ಷ ಬೇಕು. ಒಂದು ವರ್ಷದ ಆಸೆಯನ್ನು ತಲೆಯ ಮೇಲಿನ ಅಟ್ಟದಲ್ಲಿಟ್ಟುಕೊಂಡು ಕೆಳಗೆ ಮಲಗುವ ಜನ ನಾವು. ಆ ವರ್ಷ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಗೊತ್ತುಪಡಿಸಿದ್ದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ. ಪೇಟೆಯ ಧಾರಣೆಯಾದರೋ ಅದಕ್ಕಿಂತ ಬಹಳ ಕೆಳಗೆ, ಎಂಟು ಸಾವಿರದ ಆಸುಪಾಸಿಗೆ ಕುಸಿದಿತ್ತು. ಮಳೆಯೂ ಕೈಕೊಟ್ಟು ರಾಜ್ಯದ ಬಹುಪಾಲು ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾಗಿದ್ದವು. ಹುಡುಗನ ತಂಗಿಗೆ ಅದೇ ವೈಶಾಖದಲ್ಲಿ ಮದುವೆಯಾಗಿತ್ತು. ಮೊದಲನೆಯ ದೀಪಾವಳಿ, ಹೊಸ ಅಳಿಯ ಎಣ್ಣೆಸ್ನಾನಕ್ಕೆ ಬಂದಿದ್ದಾನೆ. ಬಟ್ಟೆ ಬರೆಗೆ ಸಾಲವಾಗಿದೆ. ಉಂಗುರವೆಂದು ಆಡಿದ ಮಾತು ಆಡಿದಲ್ಲಿಯೇ ಇದೆ. ತಂದೆ ನಗುತ್ತಾ ಬಡಿಸುತ್ತಿದ್ದಾರೆ. “ಅವರು ನಗೋದು ನೋಡಕ್ಕಾಗಲ್ಲ ಸಾರ್” ಎಂದ ಹುಡುಗ. ಅವನಿಗೂ ಕೆಲಸವಿರಲಿಲ್ಲ. ಮೂರು ಪರೀಕ್ಷೆ ಬರೆದು ಮೂರರಲ್ಲೂ ಸ್ವಲ್ಪದರಲ್ಲಿ ತಪ್ಪಿಹೋಗಿತ್ತು. ಬಂದ ನೆಂಟರೆಲ್ಲರೂ ಪಾಯಸಕ್ಕೆ ಮುಂಚೆ ಕೇಳುವ ಪ್ರಶ್ನೆ ಅದೇ: “ಏನಪ್ಪಾ, ಏನು ಮಾಡಿಕೊಂಡಿದ್ದೀಯೆ?”

ದಾರಿದ್ರ್ಯ ವರ್ಷವಿಡೀ ಇರತಕ್ಕದ್ದೇ. ಅದು ಹಬ್ಬದ ದಿನ ಮಾತ್ರ ಏಕೆ ಇಷ್ಟು ಚುಚ್ಚಬೇಕು? ನನಗೆ ತೋರುವುದಿಷ್ಟು. ಉಳಿದ ದಿನಗಳಲ್ಲಿ ಮನುಷ್ಯನಿಗೆ ದುಃಖಪಡುವ ಸ್ವಾತಂತ್ರ್ಯವಾದರೂ ಉಂಟು. ಹಬ್ಬದ ದಿನ ಅದೂ ಇಲ್ಲ. “ಹಬ್ಬದ ದಿವಸ ಕಣ್ಣಲ್ಲಿ ನೀರು ಹಾಕಬಾರದು” ಎಂಬುದು ನಾವೆಲ್ಲರೂ ಚಿಕ್ಕಂದಿನಿಂದ ಕೇಳಿದ ಮಾತು. ಸಂತೋಷವು ತಾನಾಗಿ ಬಂದರೆ ಹಬ್ಬ. ಸಂತೋಷವನ್ನು ತೋರಿಸಲೇಬೇಕೆಂದಾದರೆ ಅದು ಒಂದು ಬಗೆಯ ತೆರಿಗೆ. ಉಳ್ಳವರಿಗೆ ಅದು ಹಗುರ, ಇಲ್ಲದವರಿಗೆ ಭಾರ. ಈಚಿನ ವರ್ಷಗಳಲ್ಲಿ ಈ ತೆರಿಗೆಯ ದರ ಏರಿದೆ. ದಸರೆಯ ರಜೆ ಬಂತೆಂದರೆ ಬೇಲೂರು ಹಳೇಬೀಡುಗಳ ಕಡೆಗೆ ಬಸ್ಸು ಕಾರುಗಳ ಸಾಲು. 2023ರ ಸೆಪ್ಟೆಂಬರಿನಲ್ಲಿ ಆ ಗುಡಿಗಳು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಜನ ಬಂದು ನೋಡುವುದು ಸಂತೋಷವೇ. ಆದರೆ ಹೊಯ್ಸಳೇಶ್ವರನ ಗೋಡೆಯ ಮುಂದೆ ನಿಂತು, ಗೋಡೆಗೆ ಬೆನ್ನು ಹಾಕಿ, ಫೋನಿಗೆ ನಕ್ಕು, ಆ ನಗೆಯನ್ನು ಆ ಕ್ಷಣವೇ ನಾಲ್ಕು ನೂರು ಜನರಿಗೆ ಕಳುಹಿಸಿದ ಮೇಲೆ ಮುಖದಿಂದ ಅದನ್ನು ಇಳಿಸಿಡುವವರನ್ನು ನಾನು ಕಂಡಿದ್ದೇನೆ. ಆ ನಾಲ್ಕು ನೂರರಲ್ಲಿ ಒಬ್ಬ ಮಾಲೇಕಲ್ಲಿನ ಬಂಡೆಯ ಮೇಲೆ ಕುಳಿತಿರುತ್ತಾನೆ.

ಕನ್ನಡ ಪಾಠ ಹೇಳುವವನಿಗೆ ಪದಗಳ ಕಡೆ ಮನಸ್ಸು ಹೋಗುವುದು ಸಹಜ. ‘ಖಿನ್ನತೆ’ ಎಂಬುದು ಈಗ ವೈದ್ಯರೂ ಪತ್ರಿಕೆಗಳೂ ಬಳಸುವ ಮಾತು. ನಮ್ಮ ಮನೆಗಳಲ್ಲಿ ಅದರ ಬಳಕೆಯಿಲ್ಲ. ‘ಬೇಜಾರು’ ಎನ್ನುತ್ತಾರೆ, ‘ಮಂಕು ಕವಿದ ಹಾಗಿದೆ’ ಎನ್ನುತ್ತಾರೆ. ಹಳ್ಳಿಯ ಹೆಂಗಸರು ‘ಅನ್ನ ಸೇರುತ್ತಿಲ್ಲ’ ಎಂದು ಊಟದ ಮೇಲೆ ಹಾಕುತ್ತಾರೆ, ಇಲ್ಲವೆ ‘ತಲೆ ಭಾರ’ ಎಂದು ತಲೆಯ ಮೇಲೆ ಹಾಕುತ್ತಾರೆ. ಮನಸ್ಸಿನ ನೋವಿಗೆ ಮೈಯ ಹೆಸರು ಕೊಟ್ಟರೆ ಮಾತ್ರ ಕೇಳುವವರಿದ್ದಾರೆಂಬುದು ಅವರಿಗೆ ಗೊತ್ತು.

ಇಷ್ಟು ಹೇಳಿದ ಮೇಲೆ ನಮ್ಮ ಹಿರಿಯರಿಗೆ ನ್ಯಾಯ ಸಲ್ಲಿಸುವ ಒಂದು ಮಾತನ್ನೂ ಆಡಬೇಕು. ಅವರು ಪಂಚಾಂಗವನ್ನು ಹಬ್ಬಗಳಿಂದಲೇ ತುಂಬಿಸಲಿಲ್ಲ. ನವರಾತ್ರಿಯ ಹಿಂದಿನ ದಿನ ಮಹಾಲಯ ಅಮಾವಾಸ್ಯೆ. ಒಂಬತ್ತು ದಿನದ ಸಂಭ್ರಮಕ್ಕೆ ಕಾಲಿಡುವ ಮುನ್ನ ಹದಿನೈದು ದಿನ ಸತ್ತವರನ್ನು ನೆನೆಯಬೇಕು. ಅವರು ಇಷ್ಟಪಟ್ಟ ತಿಂಡಿಯನ್ನು ಮಾಡಿ ಎಡೆಯಿಡಬೇಕು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ದೀಪಾವಳಿಯಲ್ಲಿಯೂ ಹಿರಿಯರಿಗೆ ಎಡೆಯುಂಟು, ಹೊಸ ಬಟ್ಟೆಯುಂಟು. ಆಷಾಢವೆಂಬ ಇಡೀ ತಿಂಗಳನ್ನೇ ಮದುವೆ ಮುಂಜಿಗಳಿಲ್ಲದೆ ಬರಿದಾಗಿ ಬಿಟ್ಟರು. ತಮಾಷೆಯೆಂದರೆ ಮಾಲೇಕಲ್ಲು ತಿರುಪತಿಯ ತೇರು ಹರಿಯುವುದು ಆ ಬರಿದಾದ ತಿಂಗಳಿನಲ್ಲಿಯೇ. ಅತ್ತೆಮನೆ ತವರುಮನೆಗಳ ನಡುವೆ ಅಗಲಿಹೋದ ಹೊಸ ದಂಪತಿಗಳು ಮುಖ ನೋಡಿಕೊಳ್ಳುವುದಕ್ಕೆ ಈ ಜಾತ್ರೆಗೆ ಬರುವುದುಂಟು. ಸಾವಾದ ಮನೆಗೆ ಒಂದು ವರ್ಷ ಹಬ್ಬವಿಲ್ಲವೆಂಬ ನಿಯಮವನ್ನು ನಾನು ಮೊದಲು ಶಿಕ್ಷೆಯೆಂದು ತಿಳಿದಿದ್ದೆ. ಅದು ರಜೆ. ‘ನೀನು ಈ ವರ್ಷ ನಗಬೇಕಾಗಿಲ್ಲ, ಯಾರೂ ಕಾರಣ ಕೇಳುವುದಿಲ್ಲ’ ಎಂದು ಊರು ಕೊಡುವ ರಜೆ. ಹಾಗೆಂದು ಆ ಮನೆಯನ್ನು ಊರು ಮರೆಯುವುದೂ ಇಲ್ಲ. ನೆರೆಯವರು ತಮ್ಮ ಮನೆಯ ಹೋಳಿಗೆಯನ್ನು ಬಾಳೆಯೆಲೆ ಮುಚ್ಚಿ ತಂದು ಕೊಡುತ್ತಾರೆ.

ಕಾವ್ಯದಲ್ಲಿಯೂ ಹೀಗೆಯೇ. ಬೇಂದ್ರೆಯವರ ‘ಯುಗಾದಿ’ಯನ್ನು 1963ರ ‘ಕುಲವಧು’ ಚಿತ್ರ ಮನೆಮನೆಗೆ ಮುಟ್ಟಿಸಿತು. ಅಂದಿನಿಂದ ಅದಿಲ್ಲದೆ ಕನ್ನಡದ ಯುಗಾದಿಯಿಲ್ಲ. ತರಗತಿಯಲ್ಲಿ ಅದನ್ನು ಓದಿಸಿ ‘ಇದು ಯಾವ ಭಾವದ ಪದ್ಯ?’ ಎಂದು ಕೇಳಿದರೆ ಎಲ್ಲರೂ ‘ಸಂತೋಷ’ ಎನ್ನುತ್ತಾರೆ. ಪೂರ್ತಿ ಓದಿದರೆ ಅದರ ನಡುವೆ ಒಂದು ದೊಡ್ಡ ಅಳಲಿದೆ: ಮರಗಿಡಗಳಿಗೆ ವರುಷವರುಷವೂ ದೊರೆಯುವ ಮರುಹುಟ್ಟು ಮನುಷ್ಯನಿಗೇಕೆ ಇಲ್ಲವೆಂಬ ಅಳಲು. ತಮ್ಮ ಮಕ್ಕಳಲ್ಲಿ ಹಲವರನ್ನು ಮಣ್ಣಿಗೆ ಕೊಟ್ಟ ಕವಿ ಅವರು. ಹಬ್ಬದ ಹಾಡಿನೊಳಗೇ ದುಃಖಕ್ಕೆ ಒಂದು ಮಣೆ ಹಾಕಿದರು. ನಾವು ಹಾಡುವಾಗ ಆ ಮಣೆಯನ್ನು ಎಡವದೆ ದಾಟಿಹೋಗುತ್ತೇವೆ.

ಆದರೆ ಹಿರಿಯರು ಮಾಡಿದ್ದೆಲ್ಲ ಸರಿಯೆಂದು ನಾನು ವಾದಿಸಲಾರೆ. ದುಃಖಕ್ಕೆ ರಜೆ ಕೊಟ್ಟ ಪದ್ಧತಿಯೇ ಕೆಲವರಿಗೆ ಹಬ್ಬದಿಂದ ಶಾಶ್ವತವಾಗಿ ರಜೆ ಕೊಟ್ಟಿತು. ನನ್ನ ತಂದೆ ಹೋದ ಮೇಲೆ ನನ್ನ ತಾಯಿ ಹದಿನಾಲ್ಕು ವರ್ಷ ಬದುಕಿದ್ದರು. ಪ್ರತಿ ಗೌರಿಹಬ್ಬದ ದಿನ ನಸುಕಿನಲ್ಲೆದ್ದು ಹೂರಣ ರುಬ್ಬುವವರು ಅವರೇ. ಒಬ್ಬಟ್ಟು ಬೇಯಿಸುವವರು ಅವರೇ. ಮುತ್ತೈದೆಯರು ಬಾಗಿನ ತೆಗೆದುಕೊಳ್ಳಲು, ಅರಿಸಿನ ಕುಂಕುಮಕ್ಕೆ ಬರುವ ಹೊತ್ತಿಗೆ ಹಿತ್ತಿಲಿನ ಕಲ್ಲಿನ ಮೇಲೆ ಹೋಗಿ ಕುಳಿತುಬಿಡುತ್ತಿದ್ದರು. ಯಾರೂ ಹೋಗೆಂದು ಹೇಳಿದ್ದಿಲ್ಲ. ಯಾರೂ ಬಾರೆಂದು ಕರೆದದ್ದೂ ಇಲ್ಲ. ಕಾವ್ಯಗಳ ಶೋಕಪ್ರಸಂಗಗಳನ್ನು ಗಂಟೆಗಟ್ಟಲೆ ವಿವರಿಸುವ ನಾನು ಆ ಹದಿನಾಲ್ಕು ವರ್ಷಗಳಲ್ಲಿ ಒಂದು ಸಲವೂ ಹಿತ್ತಿಲಿಗೆ ಹೋಗಿ ಅವರ ಪಕ್ಕದಲ್ಲಿ ಕುಳಿತುಕೊಳ್ಳಲಿಲ್ಲ.

ನಮ್ಮ ಜಿಲ್ಲೆಯ ಅತಿ ದೊಡ್ಡ ದೀಪಾವಳಿ ಹಾಸನಾಂಬೆಯದು. ವರ್ಷಕ್ಕೊಮ್ಮೆ, ಆಶ್ವಯುಜದಲ್ಲಿ, ಕೆಲವೇ ದಿನ ಆ ಗುಡಿಯ ಬಾಗಿಲು ತೆರೆಯುತ್ತದೆ. ಬಲಿಪಾಡ್ಯಮಿಯ ಮೇಲೆ ಮುಚ್ಚುತ್ತದೆ. ಮುಚ್ಚುವಾಗ ಹಚ್ಚಿಟ್ಟ ದೀಪ ಮರುವರ್ಷದವರೆಗೂ ಉರಿಯುತ್ತದೆಂಬುದು ಜನರ ನಂಬಿಕೆ. ಲಕ್ಷಗಟ್ಟಲೆ ಜನ ಬಂದು ದರ್ಶನ ಪಡೆಯುತ್ತಾರೆ. ಆ ಗುಡಿಯಲ್ಲಿ ಸೊಸೆಕಲ್ಲು ಎಂದೊಂದಿದೆ. ದಿನವೂ ದೇವಿಯ ಗುಡಿಗೆ ಬರುತ್ತಿದ್ದ ಸೊಸೆಯನ್ನು ಅತ್ತೆ ಹಿಂಬಾಲಿಸಿ ಬಂದು ಹೊಡೆದಳಂತೆ. ನೋವು ತಾಳದೆ ಕೂಗಿಕೊಂಡ ಸೊಸೆಯನ್ನು ದೇವಿ ಕಲ್ಲಾಗಿಸಿ ತನ್ನ ಬಳಿ ಇರಿಸಿಕೊಂಡಳಂತೆ. ವರ್ಷಕ್ಕೆ ಒಂದು ಅಕ್ಕಿಕಾಳಿನಷ್ಟು ಆ ಕಲ್ಲು ದೇವಿಯ ಕಡೆಗೆ ಸರಿಯುತ್ತಿದೆಯೆಂದು ಹೇಳುತ್ತಾರೆ. ಅಷ್ಟು ದೊಡ್ಡ ಸಂಭ್ರಮದ ನಡುಮಧ್ಯೆ, ಮನೆಯಲ್ಲಿ ಬಾಳಲಾರದೆ ಬಂದ ಒಬ್ಬ ಹೆಣ್ಣುಮಗಳು ಕುಳಿತಿದ್ದಾಳೆ. ಕಥೆ ಕಟ್ಟಿದವರಿಗೆ ಮನೆಯೊಳಗಿನ ಸಂಗತಿ ಗೊತ್ತಿತ್ತು.

ಈಗ ಇನ್ನೊಂದು ವಿಷಯಕ್ಕೆ ಬರಬೇಕು. ದುಃಖ ಬೇರೆ, ರೋಗ ಬೇರೆ. ಆದರೆ ಅವುಗಳ ನಡುವಿನ ಬೇಲಿ ಅಷ್ಟೇನೂ ಎತ್ತರವಲ್ಲ. 2024ರ ಆಷಾಢಕ್ಕೆ ತಾಯಿಯ ವರ್ಷಾಬ್ದಿಕ ಮುಗಿಯಿತು. ಗೌರಿ ಬಂತು, ದಸರೆ ಬಂತು. ಬಾಗಿಲಿಗೆ ಮತ್ತೆ ತೋರಣ ಬಂತು. ಪದ್ಧತಿ ಕೊಟ್ಟ ರಜೆ ಮುಗಿದಿತ್ತು. ಮನಸ್ಸು ಮಾತ್ರ ಹಾಜರಾಗಿರಲಿಲ್ಲ. ಬೆಳಗಿನ ಜಾವ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ರೆಯಿಲ್ಲ. ಓದುವುದೇ ವೃತ್ತಿಯಾದವನಿಗೆ ಒಂದು ಪುಟ ಮುಗಿಸುವಷ್ಟು ಗಮನವಿಲ್ಲ. ಪಾಠ ಹೇಳುವಾಗ ನನ್ನ ದನಿ ಬೇರೆಯವರದೆಂಬಂತೆ ಕೇಳುತ್ತಿತ್ತು. ಯಾರಾದರೂ ಕಾರಣ ಕೇಳಿದ್ದರೆ ಹೇಳಲು ಸಾವಿಲ್ಲ, ಸಾಲವಿಲ್ಲ. ಒಂದೂವರೆ ತಿಂಗಳ ಮೇಲೆ ಹೆಂಡತಿಯ ಬಲವಂತಕ್ಕೆ ಮನೋವೈದ್ಯರ ಬಳಿ ಹೋದೆ. ಅವರು ನನ್ನ ಜಾತಕ ಕೇಳಲಿಲ್ಲ, ಧೈರ್ಯವನ್ನೂ ಹೇಳಲಿಲ್ಲ. ನಿದ್ರೆ, ಹಸಿವು, ಆಸಕ್ತಿಗಳನ್ನು ಕುರಿತು, ಸಾಯಬೇಕೆನಿಸುವುದೇ ಎಂಬುದನ್ನು ಕುರಿತು ನೇರವಾಗಿ ಕೇಳಿದರು. ಮಂಕು ಎರಡು ವಾರಕ್ಕೆ ಮೀರಿ ದಿನದ ಬಹುಭಾಗ ಕವಿದಿದ್ದರೆ, ಹಿಂದೆ ಹಿಡಿಸುತ್ತಿದ್ದುದು ಯಾವುದೂ ಹಿಡಿಸದಿದ್ದರೆ ಅದನ್ನು ಸ್ವಭಾವವೆಂದು ಬಿಡಬಾರದು ಎಂದರು. ಮಾತ್ರೆಯ ಗುಣ ಕಾಣಲು ಕೆಲವು ವಾರ ಬೇಕಾಗುವುದೆಂದೂ ಮೊದಲೇ ತಿಳಿಸಿದ್ದರು. ನನ್ನಲ್ಲಿ ನಾಲ್ಕನೆಯ ವಾರ ಕಂಡಿತು. ಇದನ್ನು ಇಲ್ಲಿ ಬರೆಯುವುದಕ್ಕೆ ನಾನು ಸಂಕೋಚಪಟ್ಟದ್ದುಂಟು. ಸಕ್ಕರೆ ರೋಗದ ಮಾತ್ರೆಯನ್ನು ಸ್ಟಾಫ್ ರೂಮಿನಲ್ಲಿ ಎಲ್ಲರ ಮುಂದೆ ನುಂಗುವ ನಾವು ಈ ಮಾತ್ರೆಯನ್ನು ಜೇಬಿನಲ್ಲಿ ಬಚ್ಚಿಡುತ್ತೇವಷ್ಟೆ.

ಕನ್ನಡದ ಓದುಗರಿಗೆ ಈ ಸಂಕೋಚ ಇರಬೇಕಾಗಿಲ್ಲ. ‘ಕೊರವಂಜಿ’ಯನ್ನು 1942ರಿಂದ 1967ರವರೆಗೆ ನಡೆಸಿ ನಾಡನ್ನು ನಗಿಸಿದ ರಾಶಿಯವರು, ಅಂದರೆ ಡಾಕ್ಟರ್ ಎಂ. ಶಿವರಾಂ ಅವರು, ಮನಸ್ಸಿನ ತೊಳಲಾಟವನ್ನು ಕುರಿತು ‘ಮನಮಂಥನ’ವನ್ನು ಬರೆದರು, 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಅದಕ್ಕೆ ಬಂತು. ತ್ರಿವೇಣಿಯವರ ‘ಶರಪಂಜರ’ವನ್ನು ಓದಿದವರೂ, 1971ರ ಚಿತ್ರವನ್ನು ನೋಡಿದವರೂ, ರೋಗಕ್ಕಿಂತ ಹೆಚ್ಚಾಗಿ ಗುಣವಾಗಿ ಬಂದವಳನ್ನು ಮನೆಯವರೂ ನೆರೆಹೊರೆಯವರೂ ನೋಡುವ ನೋಟ ಕೊಲ್ಲುತ್ತದೆಂಬುದನ್ನು ಮರೆತಿರಲಾರರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಅದೇ ಸಂಸ್ಥೆ 2015–16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕೂ ಮಿಕ್ಕು ಮಂದಿ ಯಾವುದಾದರೊಂದು ಮಾನಸಿಕ ತೊಂದರೆಯಲ್ಲಿದ್ದುದು ಕಂಡುಬಂತು. ಖಿನ್ನತೆಯುಳ್ಳವರಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆ ದೊರೆತಿರಲಿಲ್ಲ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮನಸ್ ಸೇವೆಯ ಸಂಖ್ಯೆ 14416. ಹಗಲು ರಾತ್ರಿ, ಕನ್ನಡದಲ್ಲಿ, ಖರ್ಚಿಲ್ಲದೆ ಮಾತನಾಡಬಹುದು. ಕಾಲೇಜಿನ ಸೂಚನಾಫಲಕದಲ್ಲಿ ಪರೀಕ್ಷಾ ಶುಲ್ಕದ ಕೊನೆಯ ದಿನಾಂಕದ ಪಕ್ಕದಲ್ಲಿ ಈ ಐದು ಅಂಕಿಗಳಿಗೂ ಜಾಗವಿರಬೇಕೆಂದು ನನ್ನ ಸಹೋದ್ಯೋಗಿಗಳಲ್ಲಿ ವಿನಂತಿ.

ಒಂದು ತಪ್ಪು ತಿಳಿವಳಿಕೆಯನ್ನೂ ಇಲ್ಲಿಯೇ ತೆಗೆದುಹಾಕಬಹುದು. ಕ್ರಿಸ್‌ಮಸ್ ಕಾಲದಲ್ಲಿ ಪಾಶ್ಚಾತ್ಯ ದೇಶಗಳಲ್ಲಿ ಆತ್ಮಹತ್ಯೆಗಳು ಹೆಚ್ಚುತ್ತವೆಂದು ಬಹಳ ಮಂದಿ ನಂಬಿದ್ದಾರೆ. ಅಮೆರಿಕದ ಅಂಕಿಅಂಶಗಳು ಹೇಳುವುದು ಬೇರೆ: ಅಲ್ಲಿ ನವೆಂಬರ್ ಡಿಸೆಂಬರ್‌ಗಳಲ್ಲಿಯೇ ಸಾಮಾನ್ಯವಾಗಿ ಪ್ರಮಾಣ ಕಡಮೆ, ವಸಂತದಲ್ಲಿಯೂ ಬೇಸಗೆಯಲ್ಲಿಯೂ ಹೆಚ್ಚು. ನಾಲ್ಕು ಜನ ಸುತ್ತಲೂ ಇರುವುದು, ಅವರು ಎಷ್ಟೇ ಕಿರಿಕಿರಿಯವರಾಗಿರಲಿ, ಸ್ವಲ್ಪ ಕಾವಲಾಗಿರಲೂಬಹುದು. ಇದು ನನ್ನ ಊಹೆ. ಹಾಗಿದ್ದರೆ ನಾವು ಗಮನವಿಡಬೇಕಾದದ್ದು ಹಬ್ಬ ಮುಗಿದ ಮೇಲಿನ ವಾರದ ಕಡೆಗೆ. ನೆಂಟರು ಬಸ್ಸು ಹತ್ತಿದ ಮೇಲೆ, ಸಾಲ ಕೊಟ್ಟವನು ಬಾಗಿಲಿಗೆ ಬಂದಾಗ, ರಜೆಯಲ್ಲಿಯೂ ಊರಿಗೆ ಹೋಗದೆ ಹಾಸ್ಟೆಲಿನಲ್ಲಿ ಉಳಿದ ಹುಡುಗ ಮೊದಲನೆಯ ತರಗತಿಗೆ ಬಂದು ಹಿಂದಿನ ಬೆಂಚಿನಲ್ಲಿ ಕುಳಿತಾಗ.

ಅಂದು ಆ ಬಂಡೆಯ ಮೇಲೆ ನನಗೆ ಇದೊಂದೂ ಹೊಳೆದಿರಲಿಲ್ಲ. ಹುಡುಗನಿಗೆ ಯಾವ ಉಪದೇಶವನ್ನೂ ಮಾಡಲಿಲ್ಲ. ಮಾಡುವ ಸ್ಥಿತಿಯಲ್ಲಿ ನಾನೇ ಇರಲಿಲ್ಲ. ಬಿಸಿಲು ಏರಿತು. “ಊಟಕ್ಕೆ ನಮ್ಮ ಮನೆಗೆ ಬಾ” ಎಂದೆ. “ಹಬ್ಬದ ದಿವಸ ಸುಮ್ಮನೆ ನಿಮಗೆ ತೊಂದರೆ ಸಾರ್” ಎಂದ. “ನಮ್ಮ ಮನೆಯಲ್ಲಿ ಹಬ್ಬವಿಲ್ಲ ಕಣಪ್ಪ” ಎಂದೆ. ಒಂದು ಕ್ಷಣ ನನ್ನ ಮುಖ ನೋಡಿದ. ಆಮೇಲೆ ಪ್ಯಾಂಟಿನ ಧೂಳು ಕೊಡವಿಕೊಂಡು ಎದ್ದ.

ಅನ್ನ, ಬೇಳೆಸಾರು, ಹುರುಳಿಕಾಯಿ ಪಲ್ಯ, ಮಜ್ಜಿಗೆ. ನನ್ನ ಹೆಂಡತಿ ಅವನನ್ನು ಏನು ಮಾಡಿಕೊಂಡಿದ್ದೀಯೆಂದು ಕೇಳಲಿಲ್ಲ, “ಇನ್ನೊಂದು ಸ್ವಲ್ಪ ಸಾರು ಹಾಕಲೇನಪ್ಪ?” ಎಂದು ಮಾತ್ರ ಕೇಳಿದಳು. ಅವನು ಎರಡು ಸಲ ಹಾಕಿಸಿಕೊಂಡ. ಊಟದ ನಡುವೆ ಪಕ್ಕದ ಮನೆಯಾಕೆ ಹೋಳಿಗೆಯ ತಟ್ಟೆ ತಂದು ಹೊಸಿಲಾಚೆಯಿಂದಲೇ ಕೊಟ್ಟುಹೋದರು. ಅವನ ಎಲೆಗೆ ಒಂದನ್ನು ಹಾಕಿದಳು. ಬೇಡವೆನ್ನಲಿಲ್ಲ. ಕೈ ತೊಳೆದು ಬಂದು, ಸಂಜೆಯ ಬಸ್ಸು ಎಷ್ಟು ಹೊತ್ತಿಗೆಂದು ಕೇಳಿದ; ತಂಗಿ ಮತ್ತು ಭಾವ ಮಾರನೆಯ ದಿನ ಹೊರಡುವವರಿದ್ದರು, ಅಷ್ಟರಲ್ಲಿ ಮನೆಗೆ ಹೋಗಿರಬೇಕು ಎಂದ.